ಸಿದ್ಧಾಂತ ಓದುವಾಗಲೇ ನೀತಿಯನ್ನೂ ಓದಿ

(ಅಮೆರಿಕದಲ್ಲಿ ಕೌನ್ಸೆಲಿಂಗ್ ಲೈಸೆನ್ಸ್ ಪರೀಕ್ಷೆಗೆ ತಯಾರಾಗುತ್ತಿರುವ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನರ ಮೇಜಿನ ಮೇಲೆ ಈಗ ಎರಡು ರಾಶಿ ಪುಸ್ತಕ ಇರುತ್ತವೆ. ಒಂದರಲ್ಲಿ ಚಿಕಿತ್ಸೆಯ ಸಿದ್ಧಾಂತಗಳು: ಫ್ರಾಯ್ಡ್, ಆಡ್ಲರ್, ರೋಜರ್ಸ್, ಎಲಿಸ್, ಬೆಕ್. ಇನ್ನೊಂದರಲ್ಲಿ ನೀತಿಸಂಹಿತೆ ಮತ್ತು ಕಾನೂನು. ಮೊದಲನೆಯದನ್ನು ತಿಂಗಳುಗಟ್ಟಲೆ ಓದುತ್ತೀರಿ, ಬಣ್ಣಬಣ್ಣದ ಕಾರ್ಡುಗಳಲ್ಲಿ ಬರೆದುಕೊಳ್ಳುತ್ತೀರಿ. ಎರಡನೆಯದನ್ನು ಪರೀಕ್ಷೆ ಹತ್ತಿರ ಬಂದಾಗ ಒಮ್ಮೆ ಕಣ್ಣಾಡಿಸಿದರೆ ಸಾಕು, ಅದೆಲ್ಲ ಸಾಮಾನ್ಯ ಜ್ಞಾನ ತಾನೇ ಅಂದುಕೊಳ್ಳುತ್ತೀರಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ: ಆ ಎರಡು ರಾಶಿಗಳನ್ನು ಒಂದು ಮಾಡಿ. ಪ್ರತಿಯೊಂದು ಸಿದ್ಧಾಂತದ ಹೊಟ್ಟೆಯಲ್ಲೂ ಅದರದೇ ಆದ ಒಂದು ನೀತಿಯ ಪ್ರಶ್ನೆ ಇದೆ. ಅದನ್ನು ಗುರುತಿಸಿ ಓದಿದವರಿಗೆ ಸಿದ್ಧಾಂತವೂ ನೆನಪಿರುತ್ತದೆ, ನೀತಿಯೂ ನೆನಪಿರುತ್ತದೆ.

ಪರೀಕ್ಷೆಯ ಸ್ವರೂಪವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದು ನಿಮಗೆ ಗೊತ್ತಿರುವುದೇ. ಹೆಚ್ಚಿನವರು ಬರೆಯುವುದು ಎನ್‌ಸಿಇ, ಅಂದರೆ ನ್ಯಾಷನಲ್ ಕೌನ್ಸೆಲರ್ ಎಕ್ಸಾಮಿನೇಷನ್. ಅದರಲ್ಲಿ 200 ಬಹು ಆಯ್ಕೆಯ ಪ್ರಶ್ನೆಗಳು. ಅಂಕ ಸಿಗುವುದು 160ಕ್ಕೆ ಮಾತ್ರ. ಉಳಿದ 40 ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕೆ ಇಟ್ಟವು, ಯಾವುವು ಅಂತ ನಿಮಗೆ ತಿಳಿಯುವುದಿಲ್ಲ. ಇನ್ನೊಂದು, ಎನ್‌ಸಿಎಂಎಚ್‌ಸಿಇ (ನ್ಯಾಷನಲ್ ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಎಕ್ಸಾಮಿನೇಷನ್), ಪ್ರಕರಣಗಳ ಮೇಲೆ ನಿಂತ ಪರೀಕ್ಷೆ. ಯಾವುದನ್ನು ಬರೆಯಬೇಕು ಅನ್ನುವುದನ್ನು ನಿಮ್ಮ ರಾಜ್ಯದ ಲೈಸೆನ್ಸ್ ಮಂಡಳಿ ನಿರ್ಧರಿಸುತ್ತದೆ. ಈ ವೃತ್ತಿಗೆ ಲೈಸೆನ್ಸ್ ಕಾನೂನು ಮೊದಲು ಬಂದದ್ದು 1976ರಲ್ಲಿ, ವರ್ಜೀನಿಯಾದಲ್ಲಿ; ಕೊನೆಗೆ ಬಂದದ್ದು 2009ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಐವತ್ತು ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾದರೆ ಆಶ್ಚರ್ಯಪಡಬೇಡಿ.

ಈಗ ವಿಷಯಕ್ಕೆ ಬರೋಣ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆಯನ್ನು ಕೈಯಲ್ಲಿ ಹಿಡಿಯಿರಿ. ಎ ಇಂದ ಐ ವರೆಗೆ ಒಂಬತ್ತು ಭಾಗಗಳಿವೆ. ಅದರ ಸಿ ಭಾಗದಲ್ಲಿ ಒಂದು ನಿಯಮ ಇದೆ: ಕೌನ್ಸೆಲರ್ ಬಳಸುವ ವಿಧಾನಕ್ಕೆ ಸಿದ್ಧಾಂತದ ಆಧಾರವೋ ವೈಜ್ಞಾನಿಕ ಪುರಾವೆಯೋ ಇರಬೇಕು. ಹಾನಿಯಾಗುತ್ತದೆ ಅಂತ ಗಟ್ಟಿ ಪುರಾವೆ ಇರುವ ವಿಧಾನವನ್ನು ಕ್ಲೈಂಟ್ ತಾನಾಗಿ ಕೇಳಿಕೊಂಡರೂ ಬಳಸುವಂತಿಲ್ಲ. ಎ ಭಾಗಕ್ಕೆ ಬನ್ನಿ. ಕ್ಲೈಂಟ್‌ನಿಂದ ಒಪ್ಪಿಗೆ ಪಡೆಯುವಾಗ ಗುರಿ ಏನು, ವಿಧಾನ ಏನು, ಅದರ ಮಿತಿ ಏನು, ಅಪಾಯ ಏನು, ಎಲ್ಲವನ್ನೂ ವಿವರಿಸಬೇಕು ಅನ್ನುತ್ತದೆ. ಸ್ವಲ್ಪ ಯೋಚಿಸಿ. ನಿಮ್ಮ ಸಿದ್ಧಾಂತ ನಿಮಗೇ ಸರಿಯಾಗಿ ಗೊತ್ತಿಲ್ಲದಿದ್ದರೆ ಅದರ ಅಪಾಯವನ್ನು ಇನ್ನೊಬ್ಬರಿಗೆ ಹೇಗೆ ವಿವರಿಸುತ್ತೀರಿ? ಅಂದರೆ ಸಿದ್ಧಾಂತ ಕಲಿಯುವುದೇ ನೀತಿಸಂಹಿತೆಯ ಒಂದು ಬೇಡಿಕೆ. ಪರೀಕ್ಷೆ ಮುಗಿದ ಮೇಲೂ ಈ ಬೇಡಿಕೆ ಇರುತ್ತದೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವ ಒಂದು ದಾಖಲೆ ನಮ್ಮಲ್ಲಿದೆ. 1965ರಲ್ಲಿ ಬಿಡುಗಡೆಯಾದ ತರಬೇತಿ ಚಿತ್ರ. ಗ್ಲೋರಿಯಾ ಅನ್ನುವ ಹೆಸರಿನಿಂದ ಪರಿಚಿತಳಾದ ಒಬ್ಬ ಮಹಿಳೆ, ವಿಚ್ಛೇದನ ಪಡೆದವಳು. ಕ್ಯಾಮೆರಾ ಎದುರಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಕಾರ್ಲ್ ರೋಜರ್ಸ್, ಫ್ರಿಟ್ಸ್ ಪರ್ಲ್ಸ್, ಆಲ್ಬರ್ಟ್ ಎಲಿಸ್ ಜೊತೆ ಮಾತಾಡುತ್ತಾಳೆ. ಕ್ಲೈಂಟ್ ಒಬ್ಬಳೇ, ಸಿದ್ಧಾಂತ ಮೂರು. ನಿಮ್ಮಲ್ಲಿ ಅನೇಕರು ತರಗತಿಯಲ್ಲಿ ನೋಡಿದ್ದೀರಿ. ಇನ್ನೊಮ್ಮೆ ನೋಡಿ. ಈ ಸಲ ವಿಧಾನದ ಜೊತೆಗೆ, ಇಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದನ್ನೂ ಗಮನಿಸುತ್ತಾ ನೋಡಿ.

ರೋಜರ್ಸ್ ಬಳಿ ಅವಳು ಕೇಳುವುದು ನೇರ ಪ್ರಶ್ನೆ. ಗಂಡಸರೊಂದಿಗಿನ ತನ್ನ ಸಂಬಂಧದ ಬಗ್ಗೆ ಮಗಳಿಗೆ ಸುಳ್ಳು ಹೇಳಿದ್ದೇನೆ, ನಿಜ ಹೇಳಬೇಕೇ? ಉತ್ತರ ಕೊಡಿ ಅಂತ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾಳೆ. ರೋಜರ್ಸ್ ಕೊಡುವುದಿಲ್ಲ. ಅವಳ ಇಕ್ಕಟ್ಟನ್ನು ಅವಳಿಗೇ ಇನ್ನಷ್ಟು ಸ್ಪಷ್ಟ ಮಾಡುತ್ತಾ ಹೋಗುತ್ತಾರೆ. ಕ್ಲೈಂಟ್‌ನ ಬದುಕಿನ ದಿಕ್ಕು ಕ್ಲೈಂಟ್‌ನದು ಅನ್ನುವ ಸ್ವಾಯತ್ತತೆಯ ತತ್ವ ಅಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಪರ್ಲ್ಸ್ ಬಳಿ ಹೋದಾಗ ಅವಳು ಭಯ ಆಗುತ್ತಿದೆ ಅನ್ನುತ್ತಾಳೆ, ಆದರೆ ಮುಖದಲ್ಲಿ ನಗು ಇದೆ. ಪರ್ಲ್ಸ್ ಅದನ್ನು ಹಿಡಿದುಬಿಡುತ್ತಾರೆ. ನೀನು ಸೋಗು ಹಾಕುತ್ತಿದ್ದೀಯ ಅನ್ನುತ್ತಾರೆ. ಅವಳಿಗೆ ಸಿಟ್ಟು ಬರುತ್ತದೆ. ಈ ಕ್ಷಣದಲ್ಲಿ ಇರುವುದನ್ನು ಎದುರಿಸುವಂತೆ ಮಾಡುವುದು ಪರ್ಲ್ಸ್ ಅವರ ಗೆಸ್ಟಾಲ್ಟ್ ಪದ್ಧತಿಯ ಜೀವ. ಅಪಾಯವೂ ಅಲ್ಲೇ ಇದೆ. ಎದುರಿಸುವಂತೆ ಮಾಡುವುದಕ್ಕೂ ನೋಯಿಸುವುದಕ್ಕೂ ನಡುವಿನ ಗೆರೆ ಎಲ್ಲಿ? ಕ್ಲೈಂಟ್‌ಗೆ ಇಂಥದ್ದು ನಡೆಯಬಹುದು ಅಂತ ಮೊದಲೇ ಹೇಳಿದ್ದೀರಾ? ಹಾನಿ ಮಾಡದಿರುವುದು ಅನ್ನುವ ತತ್ವವನ್ನು ಪರ್ಲ್ಸ್ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ, ಎರಡೂ ಮರೆಯುವುದಿಲ್ಲ. ಎಲಿಸ್ ಅವಳ ನಂಬಿಕೆಗಳ ಮೇಲೆ ವಾದಕ್ಕಿಳಿಯುತ್ತಾರೆ. ಅಲ್ಲಿನ ಪ್ರಶ್ನೆ: ಇದು ತರ್ಕಹೀನ ನಂಬಿಕೆ ಅಂತ ನಾನು ತೀರ್ಮಾನಿಸುವಾಗ, ಅದು ನಿಜವಾಗಿ ತರ್ಕಹೀನವೋ ಅಥವಾ ನನ್ನ ಮೌಲ್ಯಕ್ಕೆ ಒಗ್ಗದ್ದೋ? ಕೌನ್ಸೆಲರ್ ತನ್ನ ಮೌಲ್ಯಗಳನ್ನು ಹೇರಬಾರದು ಅನ್ನುವ ನಿಯಮ ಇರುವುದು ಇಂಥ ಕ್ಷಣಕ್ಕಾಗಿಯೇ.

ಇನ್ನೊಂದು ಸಂಗತಿ. ಆ ಚಿತ್ರೀಕರಣದ ನಂತರ ಗ್ಲೋರಿಯಾ ಮತ್ತು ರೋಜರ್ಸ್ ನಡುವೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತು. ರೋಜರ್ಸ್ ಬಗ್ಗೆ ನನಗೆ ಅಪಾರ ಗೌರವ ಇದೆ, ಅವರ ಮೇಲೆ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಆದರೆ ಇಂದಿನ ನೀತಿಸಂಹಿತೆ ಹಿಡಿದು ಇದನ್ನು ಚರ್ಚಿಸಿ ನೋಡಿ. ವೃತ್ತಿಯ ಸಂಬಂಧ ಮುಗಿದ ಮೇಲೆ ಉಳಿಯುವ ಸಂಬಂಧದಿಂದ ಕ್ಲೈಂಟ್‌ಗೆ ಒಳ್ಳೆಯದಾಗುತ್ತದೆಯೇ, ಹಾನಿಯಾಗಬಹುದೇ, ಅದನ್ನು ದಾಖಲಿಸಿದ್ದೀರಾ? ಮತ್ತು ಈ ಚಿತ್ರಕ್ಕೆ ಒಪ್ಪಿದಾಗ ಅವಳು ಒಪ್ಪಿದ್ದು ನಿಖರವಾಗಿ ಯಾವುದಕ್ಕೆ, ದಶಕಗಳ ಕಾಲ ಜಗತ್ತಿನ ಎಲ್ಲ ತರಗತಿಗಳಲ್ಲಿ ತನ್ನನ್ನು ನೋಡುತ್ತಾರೆ ಅನ್ನುವುದಕ್ಕೂ ಒಪ್ಪಿದ್ದಳೇ? ಒಂದೇ ಚಿತ್ರದಲ್ಲಿ ಇಷ್ಟೆಲ್ಲ ಇದೆ.

ರೋಜರ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. 1957ರ ಲೇಖನದಲ್ಲಿ ಅವರು ಬದಲಾವಣೆಗೆ ಅಗತ್ಯವೂ ಸಾಕಷ್ಟೂ ಆದ ಆರು ಷರತ್ತುಗಳನ್ನು ಪಟ್ಟಿ ಮಾಡಿದರು. ಎಲ್ಲರೂ ಬಾಯಿಪಾಠ ಮಾಡುವುದು ಮೂರನ್ನು: ಕೌನ್ಸೆಲರ್‌ನ ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ, ಸಹಾನುಭೂತಿಯ ಅರಿವು. ಉಳಿದ ಮೂರು? ಇಬ್ಬರ ನಡುವೆ ಮಾನಸಿಕ ಸಂಪರ್ಕ ಇರಬೇಕು. ಕ್ಲೈಂಟ್ ಒಳಗೆ ಹೊಂದಾಣಿಕೆ ತಪ್ಪಿದ ಸ್ಥಿತಿಯಲ್ಲಿ ಇರಬೇಕು. ಮತ್ತು ಕೌನ್ಸೆಲರ್‌ನ ಸ್ವೀಕಾರ, ಅರಿವು ಸ್ವಲ್ಪ ಮಟ್ಟಿಗಾದರೂ ಕ್ಲೈಂಟ್‌ಗೆ ಮುಟ್ಟಬೇಕು. ಈ ಕೊನೆಯದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾನು ಎಷ್ಟೇ ಸಹಾನುಭೂತಿ ತೋರಿದೆ ಅಂದುಕೊಂಡರೂ ಎದುರಿಗಿರುವವರಿಗೆ ಅದು ತಲುಪದಿದ್ದರೆ ರೋಜರ್ಸ್ ಲೆಕ್ಕದಲ್ಲಿ ಕೆಲಸ ಆಗಿಲ್ಲ.

ಆದರೆ ರೋಜರ್ಸ್ ಓದಿ ಮನಸ್ಸು ತುಂಬಿದವರು ಪರೀಕ್ಷೆಯಲ್ಲಿ ಒಂದು ಜಾಗದಲ್ಲಿ ಜಾರುತ್ತಾರೆ. ಕ್ಲೈಂಟ್ ಹೇಳುತ್ತಾರೆ: "ಇನ್ನು ನನ್ನಿಂದ ಆಗೋದಿಲ್ಲ, ಎಲ್ಲ ಮುಗಿಸಿಬಿಡಬೇಕು ಅನ್ನಿಸ್ತಿದೆ." ಮೊದಲು ಏನು ಮಾಡುತ್ತೀರಿ? ಆಯ್ಕೆಗಳಲ್ಲಿ ಒಂದು, ಆ ದಣಿವನ್ನು ಗುರುತಿಸಿ ಪ್ರತಿಫಲಿಸುವುದು, ಅಂದರೆ ಅವರ ಭಾವನೆಯನ್ನು ಅವರಿಗೇ ಮರಳಿ ಹೇಳುವುದು. ಇನ್ನೊಂದು, ಆತ್ಮಹತ್ಯೆಯ ಯೋಚನೆ ಇದೆಯೇ ಅಂತ ನೇರವಾಗಿ ಕೇಳುವುದು. ಮೂರನೆಯದು, ತಕ್ಷಣ 911ಕ್ಕೆ ಕರೆ ಮಾಡುವುದು. ನಾಲ್ಕನೆಯದು, ಸೂಪರ್‌ವೈಸರ್ ಜೊತೆ ಚರ್ಚಿಸುವುದು. ನಾಲ್ಕೂ ಒಳ್ಳೆಯ ಕೆಲಸಗಳೇ, ಅದೇ ತೊಡಕು. "ಮೊದಲು" ಅಂತ ಕೇಳಿದಾಗ ಉತ್ತರ ಎರಡನೆಯದು. ಯೋಚನೆ ಇದೆಯೇ, ಯೋಜನೆ ಇದೆಯೇ, ಸಾಧನ ಕೈಗೆಟುಕುವಂತಿದೆಯೇ, ಉದ್ದೇಶ ಎಷ್ಟು ಗಟ್ಟಿ ಅನ್ನುವುದು ತಿಳಿಯದೆ ಪೊಲೀಸರನ್ನು ಕರೆಯುವುದೂ ಸರಿಯಲ್ಲ, ಬರೀ ಪ್ರತಿಫಲಿಸುತ್ತಾ ಕೂರುವುದೂ ಸರಿಯಲ್ಲ. ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಹೆದರಿಕೆ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಅನ್ನುವುದು ಈ ಕ್ಷೇತ್ರದ ಒಪ್ಪಿತ ತಿಳಿವಳಿಕೆ. ಪರೀಕ್ಷೆಯ ಮಾತು ಬಿಡಿ, ನಾಳೆ ನಿಮ್ಮ ಎದುರು ಕೂತವರ ಜೀವದ ಪ್ರಶ್ನೆ ಇದು. ಬಾಯಿಬಿಟ್ಟು ಕೇಳುವುದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನಾಲಿಗೆ ತಡವರಿಸಬಾರದು.

ಗೌಪ್ಯತೆಗೆ ಬರೋಣ. ಟಾರಾಸಾಫ್ ಪ್ರಕರಣವನ್ನು ಎಲ್ಲರೂ "ಎಚ್ಚರಿಸುವ ಹೊಣೆ" ಅಂತ ಒಂದೇ ಸಾಲಿನಲ್ಲಿ ಕಾರ್ಡಿಗೆ ಬರೆದುಕೊಳ್ಳುತ್ತಾರೆ. ಆ ಒಂದು ಸಾಲು ಸಾಲದು. ನಡೆದದ್ದನ್ನು ನೋಡಿ. ಭಾರತದಿಂದ ಬಂದಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಬರ್ಕ್ಲಿಯಲ್ಲಿ ವಿದ್ಯಾರ್ಥಿ. 1969ರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ಲಾರೆನ್ಸ್ ಮೂರ್ ಅವರ ಬಳಿ ಚಿಕಿತ್ಸೆಗೆ ಹೋಗುತ್ತಿದ್ದ. ಒಬ್ಬ ಯುವತಿಯನ್ನು ಕೊಲ್ಲುವ ಇರಾದೆಯನ್ನು ಅಲ್ಲಿ ಹೇಳಿದ. ಹೆಸರು ಹೇಳದಿದ್ದರೂ ಅವಳು ಟಟಿಯಾನಾ ಟಾರಾಸಾಫ್ ಅಂತ ಸುಲಭವಾಗಿ ಗುರುತಿಸಬಹುದಿತ್ತು. ಮೂರ್ ಸುಮ್ಮನಿರಲಿಲ್ಲ, ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು ಮಾತಾಡಿಸಿದರು, ಸಮಸ್ಥಿತಿಯಲ್ಲಿ ಇದ್ದಾನೆ ಅನ್ನಿಸಿತು, ಅವಳಿಂದ ದೂರ ಇರುತ್ತೇನೆ ಅಂತ ಮಾತು ಕೊಟ್ಟ, ಬಿಟ್ಟರು. ಟಟಿಯಾನಾಗಾಗಲಿ ಅವಳ ತಂದೆತಾಯಿಗಾಗಲಿ ಯಾರೂ ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಅವಳನ್ನು ಕೊಂದ.

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಎರಡು ಸಲ ತೀರ್ಪು ಕೊಟ್ಟಿತು. 1974ರದು ಎಚ್ಚರಿಸುವ ಹೊಣೆಯ ಬಗ್ಗೆ. ಮರುವಿಚಾರಣೆಯ ನಂತರ 1976ರಲ್ಲಿ ಬಂದದ್ದು ಅದಕ್ಕಿಂತ ವಿಶಾಲ: ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸಲು ತಕ್ಕ ಕಾಳಜಿ ವಹಿಸುವ ಹೊಣೆ. ಎಚ್ಚರಿಸುವುದು ಅದರ ಒಂದು ದಾರಿ. ಪೊಲೀಸರಿಗೆ ತಿಳಿಸುವುದು, ಸಂದರ್ಭಕ್ಕೆ ಬೇಕಾದ ಇನ್ನಿತರ ಕ್ರಮ ಕೈಗೊಳ್ಳುವುದು ಬೇರೆ ದಾರಿಗಳು. ಎಲ್ಲ ರಾಜ್ಯಗಳೂ ಇದನ್ನೇ ಒಪ್ಪಿವೆ ಅಂದುಕೊಳ್ಳಬೇಡಿ. 1999ರಲ್ಲಿ ಥಾಪರ್ ಮತ್ತು ಝೆಝುಲ್ಕಾ ಪ್ರಕರಣದಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಇಂಥ ಎಚ್ಚರಿಸುವ ಹೊಣೆಯನ್ನು ಒಪ್ಪಲು ನಿರಾಕರಿಸಿತು. ರಾಷ್ಟ್ರಮಟ್ಟದ ಪರೀಕ್ಷೆ ಬರೆಯುವಾಗ ನೀತಿಸಂಹಿತೆಯ ಮಾತನ್ನು ಹಿಡಿಯಿರಿ: ಗಂಭೀರವಾದ, ಮುಂಚೆಯೇ ಊಹಿಸಬಹುದಾದ ಹಾನಿಯಿಂದ ಕ್ಲೈಂಟನ್ನೋ ಗುರುತಿಸಬಹುದಾದ ಇನ್ನೊಬ್ಬರನ್ನೋ ರಕ್ಷಿಸಬೇಕಾದಾಗ ಗೌಪ್ಯತೆಗೆ ವಿನಾಯಿತಿ ಇದೆ; ಅನುಮಾನ ಇದ್ದರೆ ಸಹವೃತ್ತಿಯವರ ಸಲಹೆ ಪಡೆಯಬೇಕು. ಕೆಲಸ ಮಾಡುವಾಗ ನಿಮ್ಮ ರಾಜ್ಯದ ಕಾನೂನನ್ನು ಹಿಡಿಯಿರಿ.

ಈಗ ನಾನು ತುಂಬಾ ಇಷ್ಟಪಡುವ ಉದಾಹರಣೆ. ಗಂಡ ಹೆಂಡತಿ ಇಬ್ಬರೂ ನಿಮ್ಮ ಬಳಿ ಬರುತ್ತಿದ್ದಾರೆ. ಒಂದು ದಿನ ಗಂಡ ಫೋನ್ ಮಾಡಿ, ತನಗೆ ಬೇರೊಂದು ಸಂಬಂಧ ಇದೆ, ದಯವಿಟ್ಟು ಅವಳಿಗೆ ಹೇಳಬೇಡಿ ಅನ್ನುತ್ತಾನೆ. ಇದು ಗೌಪ್ಯತೆಯ ಪ್ರಶ್ನೆ ಅಂತ ಕಾಣುತ್ತದೆ. ನೀತಿಸಂಹಿತೆ ಕೇಳುವ ಮೊದಲ ಪ್ರಶ್ನೆ ಬೇರೆ: ನಿಮ್ಮ ಕ್ಲೈಂಟ್ ಯಾರು? ಬೇರೆ ಒಪ್ಪಂದ ಆಗಿಲ್ಲದಿದ್ದರೆ ದಂಪತಿಯೇ ಕ್ಲೈಂಟ್ ಅನ್ನುತ್ತದೆ ಬಿ ಭಾಗ. ಹಾಗಾಗಿ ಮೊದಲ ದಿನವೇ, ಒಬ್ಬೊಬ್ಬರಾಗಿ ಹೇಳುವ ಸಂಗತಿಗಳನ್ನು ಏನು ಮಾಡುತ್ತೇನೆ ಅಂತ ಮಾತಾಡಿ ಬರೆದಿಟ್ಟಿರಬೇಕಿತ್ತು. ಈಗ ಕುಟುಂಬ ಚಿಕಿತ್ಸೆಯ ಸಿದ್ಧಾಂತ ಕಟ್ಟಿದ ಮರ್ರಿ ಬೋವೆನ್ ಅವರನ್ನು ಕರೆಯಿರಿ. ಇಬ್ಬರ ನಡುವಿನ ಒತ್ತಡ ತಡೆಯಲಾರದಷ್ಟಾದಾಗ ಅವರು ಮೂರನೆಯವರನ್ನು ಒಳಗೆಳೆದು ತ್ರಿಕೋನ ಕಟ್ಟುತ್ತಾರೆ ಅನ್ನುತ್ತದೆ ಅವರ ಸಿದ್ಧಾಂತ. ಆ ಫೋನ್ ಕರೆ ಏನು ಮಾಡುತ್ತಿದೆ? ನಿಮ್ಮನ್ನು ಮೂರನೆಯ ಮೂಲೆಯಲ್ಲಿ ಕೂರಿಸುತ್ತಿದೆ. ಗುಟ್ಟನ್ನು ಕಾಪಾಡಿದ ಕ್ಷಣದಿಂದ ನೀವು ಗಂಡನ ಕಡೆಯವರು. ಬೋವೆನ್ ಪ್ರಕಾರ ಅದು ಚಿಕಿತ್ಸೆಯ ಸೋಲು, ದಂಪತಿಯೇ ಕ್ಲೈಂಟ್ ಅನ್ನುವ ಸಂಹಿತೆಯ ಮಾತಿಗೂ ಅದು ಹೊಂದುವುದಿಲ್ಲ. ಬೋವೆನ್, ಸಂಹಿತೆ ಎರಡೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಇಂಥ ಜಾಗಗಳನ್ನು ಹುಡುಕುತ್ತಾ ಓದಿ.

ಉಳಿದ ಸಿದ್ಧಾಂತಗಳನ್ನೂ ಹೀಗೇ ಕೆದಕಬಹುದು. ಮನೋವಿಶ್ಲೇಷಣೆಯಲ್ಲಿ ಟ್ರಾನ್ಸ್‌ಫರೆನ್ಸ್ (ಹಿಂದಿನ ಸಂಬಂಧಗಳ ಭಾವನೆಗಳನ್ನು ಕ್ಲೈಂಟ್ ಚಿಕಿತ್ಸಕರ ಮೇಲೆ ಹೊರಿಸುವುದು) ಅರ್ಥವಾದವರಿಗೆ ಹಳೆಯ ಕ್ಲೈಂಟ್ ಜೊತೆಗಿನ ಪ್ರಣಯ ಸಂಬಂಧಕ್ಕೆ ಐದು ವರ್ಷದ ನಿಷೇಧ ಯಾಕಿದೆ ಅಂತ ಬೇರೆ ವಿವರಿಸಬೇಕಿಲ್ಲ. ಹಳೆಯ ಭಾವನೆಗಳು ಕೊನೆಯ ಭೇಟಿಯ ದಿನ ಮುಗಿಯುವುದಿಲ್ಲ. 2005ಕ್ಕೆ ಮುಂಚೆ ಈ ಅವಧಿ ಎರಡು ವರ್ಷ ಇತ್ತು. ಮನಶ್ಶಾಸ್ತ್ರಜ್ಞರ ಸಂಹಿತೆಯಲ್ಲಿ ಈಗಲೂ ಎರಡೇ, ಹಾಗಾಗಿ ಹಳೆಯ ಟಿಪ್ಪಣಿ ಇಟ್ಟುಕೊಂಡವರು ಎಚ್ಚರ. ವರ್ತನಾ ಚಿಕಿತ್ಸಕ ವೋಲ್ಪೆಯ ವಿಧಾನದಲ್ಲಿ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವಾಗ ಪ್ರತಿ ಮೆಟ್ಟಿಲಿಗೂ ಕ್ಲೈಂಟ್‌ನ ಒಪ್ಪಿಗೆ ಬೇಕು. ಎಲಿಸ್ ಮತ್ತು ಬೆಕ್ ನಡುವಿನ ವ್ಯತ್ಯಾಸ ಪ್ರಶ್ನೆಪತ್ರಿಕೆಗೆ ಪ್ರಿಯವಾದದ್ದು: ಎಲಿಸ್ ನೇರವಾಗಿ ವಾದಿಸುತ್ತಾರೆ, ಬೆಕ್ ಕ್ಲೈಂಟ್ ಜೊತೆ ಸೇರಿ ಆ ಯೋಚನೆಗೆ ಪುರಾವೆ ಇದೆಯೇ ಅಂತ ಪ್ರಶ್ನೆ ಕೇಳುತ್ತಾ ಪರೀಕ್ಷಿಸುತ್ತಾರೆ. ಋಣಾತ್ಮಕ ಬಲವರ್ಧನೆಯನ್ನು ಶಿಕ್ಷೆ ಅಂತ ಗುರುತು ಹಾಕಬೇಡಿ. ಹಿತವಲ್ಲದ್ದು ನಿಂತುಹೋಗಿ ನಡವಳಿಕೆ ಹೆಚ್ಚಿದರೆ ಅದು ಬಲವರ್ಧನೆಯೇ.

ನೀತಿಸಂಹಿತೆಯ ತಳಹದಿಯ ತತ್ವಗಳು ಆರು: ಸ್ವಾಯತ್ತತೆ, ಹಾನಿ ಮಾಡದಿರುವುದು, ಒಳಿತು ಮಾಡುವುದು, ನ್ಯಾಯ, ನಿಷ್ಠೆ, ಸತ್ಯಸಂಧತೆ. ಮೊದಲ ಐದನ್ನು ಕ್ಯಾರೆನ್ ಕಿಚನರ್ 1984ರಲ್ಲಿ ಮುಂದಿಟ್ಟರು, ಆರನೆಯದು 2014ರ ಸಂಹಿತೆಯಲ್ಲಿ ಸೇರಿತು. ಇವುಗಳಲ್ಲಿ ಎರಡು ಪರಸ್ಪರ ಡಿಕ್ಕಿ ಹೊಡೆದಾಗಲೇ ಕಷ್ಟದ ಪ್ರಶ್ನೆ ಹುಟ್ಟುತ್ತದೆ. ಯಾವ ಎರಡು ಅಂತ ಗುರುತಿಸುವುದೇ ಅರ್ಧ ಉತ್ತರ.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: "ಮೇಡಂ, ನಮ್ಮ ಮನೆಗಳಲ್ಲಿ ದೊಡ್ಡವರನ್ನು ಕೇಳದೆ ನಿರ್ಧಾರ ತೆಗೆದುಕೊಳ್ಳುವುದಿಲ್ಲ. ಸ್ವಾಯತ್ತತೆ ಅನ್ನುವ ತತ್ವ ನಮ್ಮಂಥ ಕ್ಲೈಂಟ್‌ಗಳಿಗೆ ಹೇಗೆ ಹೊಂದುತ್ತದೆ?"

ತಂದೆತಾಯಿಯನ್ನು ಕೇಳಿಯೇ ತೀರ್ಮಾನಿಸುತ್ತೇನೆ ಅಂತ ಕ್ಲೈಂಟ್ ತಾನಾಗಿ ಆರಿಸಿಕೊಂಡರೆ ಅದೂ ಸ್ವಾಯತ್ತತೆಯೇ. ಆ ಆಯ್ಕೆಯನ್ನು ಕಿತ್ತುಕೊಂಡು "ನೀವೇ ಸ್ವತಂತ್ರವಾಗಿ ನಿರ್ಧರಿಸಿ" ಅಂತ ಒತ್ತಾಯಿಸಿದರೆ ನಾವು ನಮ್ಮ ಮೌಲ್ಯವನ್ನು ಹೇರಿದಂತೆ. ಕ್ಲೈಂಟ್‌ನ ಒಪ್ಪಿಗೆ ಪಡೆದು ಮನೆಯವರ, ಸ್ನೇಹಿತರ, ಧಾರ್ಮಿಕ ಹಿರಿಯರ ಬೆಂಬಲ ಪಡೆಯಲು ಸಂಹಿತೆಯಲ್ಲೇ ಅವಕಾಶ ಇದೆ. ಆದರೆ ಮನೆಯವರ ಮುಂದೆ ಹೇಳಿದ್ದು ಮತ್ತು ಕ್ಲೈಂಟ್ ಒಬ್ಬರೇ ಇದ್ದಾಗ ಹೇಳಿದ್ದು ಬೇರೆಯಾದರೆ, ಒಬ್ಬರೇ ಇದ್ದಾಗ ಹೇಳಿದ್ದನ್ನು ಕಿವಿಗೊಟ್ಟು ಕೇಳಿ.

ಉಡುಗೊರೆಯ ಬಗ್ಗೆಯೂ ಕೇಳಿದರು. ಸಂಹಿತೆ ಅದನ್ನು ಪೂರ್ತಿ ನಿಷೇಧಿಸುವುದಿಲ್ಲ. ಕೆಲವು ಸಂಸ್ಕೃತಿಗಳಲ್ಲಿ ಸಣ್ಣ ಉಡುಗೊರೆ ಗೌರವದ, ಕೃತಜ್ಞತೆಯ ಗುರುತು ಅನ್ನುವುದನ್ನು ಅದೇ ಒಪ್ಪುತ್ತದೆ. ಅದರ ಬೆಲೆ, ಕೊಡುವವರ ಉದ್ದೇಶ, ಚಿಕಿತ್ಸೆಯ ಸಂಬಂಧದ ಮೇಲೆ ಆಗುವ ಪರಿಣಾಮ, ಮತ್ತು ತೆಗೆದುಕೊಳ್ಳಲೋ ನಿರಾಕರಿಸಲೋ ನಿಮಗಿರುವ ಉದ್ದೇಶ, ಇಷ್ಟನ್ನೂ ತೂಗಿ ನೋಡಿ. "ಯಾವತ್ತೂ ತೆಗೆದುಕೊಳ್ಳಬಾರದು" ಅನ್ನುವ ಆಯ್ಕೆ ಕಂಡರೆ ಅನುಮಾನಿಸಿ.

ಇನ್ನೊಬ್ಬರ ಪ್ರಶ್ನೆ: "ಮಾದರಿ ಪರೀಕ್ಷೆಗಳನ್ನು ಬರೆಯುತ್ತಾ ಹೋದರೆ ಸಾಕಲ್ಲವೇ?"

ಬರೆಯಲೇಬೇಕು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ಉಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಮತ್ತೆ ಮತ್ತೆ ಓದಿದಾಗ ಎಲ್ಲ ಬಂದುಬಿಟ್ಟಿತು ಅನ್ನಿಸುವುದು ಇದರಿಂದಲೇ. ಆದರೆ ಅಂಕ ಎಷ್ಟು ಬಂತು ಅಂತ ನೋಡಿ ಮುಂದೆ ಹೋಗಬೇಡಿ. ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲಿ ಯಾಕೆ ತಪ್ಪಾಯಿತು ಅಂತ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, "ಮೊದಲು" ಅನ್ನುವುದನ್ನು ಓದಲಿಲ್ಲವೇ, ಅಥವಾ ನಾಲ್ಕೂ ಸರಿ ಅನ್ನಿಸಿ ಕ್ರಮ ತಪ್ಪಿತೇ? ಮೂರನೆಯ ಬಗೆಯ ತಪ್ಪುಗಳು ಹೆಚ್ಚಿದ್ದರೆ ನಿಮಗೆ ಬೇಕಾದದ್ದು ಇನ್ನಷ್ಟು ಪ್ರಶ್ನೆಗಳಲ್ಲ, ಸಂಹಿತೆಯನ್ನು ನಿಧಾನವಾಗಿ ಇನ್ನೊಮ್ಮೆ ಓದುವುದು.

ಕೊನೆಯ ಪ್ರಶ್ನೆ ಹದಿಹರೆಯದ ಕ್ಲೈಂಟ್‌ಗಳ ಬಗ್ಗೆ: ತಂದೆತಾಯಿ ಕೇಳಿದರೆ ಏನು ಹೇಳಬಹುದು, ಏನು ಹೇಳಬಾರದು? ಇದಕ್ಕೆ ಇಡೀ ದೇಶಕ್ಕೆ ಹೊಂದುವ ಒಂದೇ ಉತ್ತರ ಇಲ್ಲ. ಸಂಹಿತೆ ಹೇಳುವುದು ಕಾನೂನಿನ ಪ್ರಕಾರ ಒಪ್ಪಿಗೆ ಕೊಡಲಾಗದ ಮಕ್ಕಳ ಗೌಪ್ಯತೆಯನ್ನೂ ಕಾಪಾಡಬೇಕು, ಪೋಷಕರಿಗೆ ಇರುವ ಹಕ್ಕು ಮತ್ತು ಹೊಣೆಯನ್ನೂ ಗೌರವಿಸಬೇಕು ಅಂತ. ಯಾವ ವಯಸ್ಸಿಗೆ, ಯಾವ ಬಗೆಯ ಸೇವೆಗೆ ಮಗುವೇ ಒಪ್ಪಿಗೆ ಕೊಡಬಹುದು ಅನ್ನುವುದು ರಾಜ್ಯದ ಕಾನೂನಿನಲ್ಲಿ ಇರುತ್ತದೆ. ಈ ವಾರವೇ ನಿಮ್ಮ ರಾಜ್ಯದ ಮಂಡಳಿಯ ಜಾಲತಾಣ ತೆರೆದು, ಅಪ್ರಾಪ್ತ ವಯಸ್ಸಿನವರ ಒಪ್ಪಿಗೆಯ ಕಾನೂನು ಮತ್ತು ಮಕ್ಕಳ ಮೇಲಿನ ದೌರ್ಜನ್ಯವನ್ನು ವರದಿ ಮಾಡುವ ಕಾನೂನು ಎರಡನ್ನೂ ಮೂಲದಲ್ಲೇ ಓದಿ. ಮತ್ತೆ ಹದಿಹರೆಯದವರ ಜೊತೆಗಿನ ಮೊದಲ ಭೇಟಿಯಲ್ಲಿ, ತಂದೆತಾಯಿಯೂ ಕೋಣೆಯಲ್ಲಿ ಇರುವಾಗಲೇ, ಏನನ್ನು ಹೇಳುತ್ತೇನೆ ಏನನ್ನು ಹೇಳುವುದಿಲ್ಲ ಅಂತ ಎಲ್ಲರೂ ಕೇಳುವಂತೆ ಹೇಳಿ.